ಹಿತ್ತಲ ಬಾಗಿಲ ನೀರು

ಒಂದು ಊರು. ಆ ಊರಿನಲ್ಲಿ ಏನು ಕಂಡರೂ ಯಾಕೆ ಎಂದು ಕೇಳುವ ಒಬ್ಬ ಹುಡುಗಿ ಇದ್ದಳು. ದಾನೇಶ್ವರಿ ಎಂದು ಕರೆಯೋಣ. ಬಿ.ಎಸ್ಸಿ. ಮುಗಿಸಿ ಎರಡು ವರ್ಷವಾಗಿತ್ತು. ನೌಕರಿಗೆ ಕರೆದ ಪರೀಕ್ಷೆಗಳು ಮುಂದೆ ಹೋದವು, ಬರೆದ ಪರೀಕ್ಷೆಗಳ ಫಲಿತಾಂಶ ಬರಲಿಲ್ಲ. ಪ್ರವಚನ ಕೇಳಲು ಕೂತ ನಿಮ್ಮಲ್ಲಿ ಎಷ್ಟೋ ಮನೆಗಳ ಕಥೆಯೂ ಇದೇ ಅಲ್ಲವೇ?

ಕೊನೆಗೆ ಬಂಧುಬಳಗ ಕೂಡಿ ತೀರ್ಮಾನಿಸಿತು: ಏನು ನಿಂತರೂ ಜನ ಕಾಯಿಲೆ ಬೀಳುವುದು ನಿಲ್ಲುವುದಿಲ್ಲ, ಹುಡುಗಿ ಆಸ್ಪತ್ರೆಯ ಕೋರ್ಸು ಸೇರಲಿ. ಸರಿ, ಯಾವುದು? ಸೋದರಮಾವ ಔಷಧದ ಅಂಗಡಿಯ ಓದು ಎಂದ. ಭಾವ ಎಕ್ಸ್‌ರೇ ಎಂದ. ತಾಯಿ ಲ್ಯಾಬ್ ಎಂದಳು. ನೋಡಿ, ಮಾತು ಬೇರೆ ಬೇರೆಯಾದರೂ ಎಲ್ಲರ ಮನಸ್ಸಿನಲ್ಲಿದ್ದದ್ದು ಒಂದೇ. ಓದು ಆಸ್ಪತ್ರೆಯದಾದರೂ ಕೆಲಸ ಹೊರಗೆ ಪೇಟೆಯಲ್ಲಾಗಬೇಕು, ರೋಗಿಯನ್ನು ಮುಟ್ಟುವಂತಿರಬಾರದು. ಲ್ಯಾಬಿಗೆ ರಕ್ತ ಸೀಸೆಯಲ್ಲಿ ಬರುತ್ತದೆ, ಅದರ ಜೊತೆ ಮನುಷ್ಯ ಬರುವುದಿಲ್ಲ.

ಯಾಕೆ ಎಂದರೆ, ಆ ಮನೆಯಲ್ಲಿ ಒಂದು ಪದ್ಧತಿ. ಆಸ್ಪತ್ರೆಗೆ ಹೋಗಿ ಬಂದವರು ಮುಂಬಾಗಿಲಿನಿಂದ ಒಳಗೆ ಬರುವಂತಿಲ್ಲ. ಹಿತ್ತಲ ಬಾಗಿಲಲ್ಲಿ ತಲೆಯ ಮೇಲೆ ನೀರು ಸುರಿದುಕೊಂಡು ಬರಬೇಕು.

"ನರ್ಸ್ ಆದ್ರ ದಿನಾ ಹಿತ್ತಲದಾಗ ನಿಲ್ಲಬೇಕಾಕ್ಕತಿ," ಎಂದಳು ತಾಯಿ. "ಅಂಥಾ ಸೊಸಿನ ಯಾರ್ ತರತಾರ?"

ಕಾಲೇಜಿನಲ್ಲಿ ಲ್ಯಾಬಿನ ಸೀಟೂ ಇತ್ತು, ನರ್ಸಿಂಗ್ ಸೀಟೂ ಇತ್ತು. ಸೋಮವಾರದೊಳಗೆ ಒಂದನ್ನು ಹೇಳಬೇಕು. ದಾನೇಶ್ವರಿಗೆ ನಿದ್ದೆಯಿಲ್ಲ. ನಿನಗೇನು ಬೇಕು ಎಂದು ಯಾರೂ ಅವಳನ್ನು ಕೇಳಿರಲಿಲ್ಲ. ಯಾರೂ ಕೇಳದ್ದರಿಂದ ಅವಳೂ ತನ್ನನ್ನು ತಾನು ಕೇಳಿಕೊಂಡಿರಲಿಲ್ಲ. ಹೆಣ್ಣುಮಕ್ಕಳಿಗೆ ಹೀಗಾಗುವುದು ಹೆಚ್ಚು, ತಾಯಂದಿರೇ.

ಮನೆಯಲ್ಲಿ ಅವಳ ಸೋದರತ್ತೆ ನೀಲವ್ವ ಇದ್ದಳು. ಸಕ್ಕರೆ ಕಾಯಿಲೆ. ಅಂಗಾಲಿನಲ್ಲಿ, ಹೆಬ್ಬೆರಳಿನ ಬುಡಕ್ಕೆ ಹುಣ್ಣು. ತಿಂಗಳುಗಟ್ಟಲೆ ದಿನ ಬಿಟ್ಟು ದಿನ ಪಟ್ಟಿ ಕಟ್ಟಿಸಿಕೊಂಡರೂ ಮಾಯಲಿಲ್ಲ. ಮುಲಾಮು ಬದಲಾಯಿತು, ಮಾತ್ರೆ ಬದಲಾಯಿತು. ಹೀಗೇ ಇದ್ದರೆ ಬೆರಳು ತೆಗೆಯಬೇಕಾದೀತು ಎಂದಿದ್ದರು ಡಾಕ್ಟರು.

ಆ ಶನಿವಾರ ಅತ್ತೆಯ ಜೊತೆಗೆ ದಾನೇಶ್ವರಿ ಆಸ್ಪತ್ರೆಗೆ ಹೋದಳು. ನರ್ಸ್ ಪಟ್ಟಿ ಬಿಚ್ಚಿದಾಗ ಇವಳೂ ಬಗ್ಗಿ ನೋಡಿದಳು. ಕಣ್ಣು ಕೀಳಲಾಗಲಿಲ್ಲ. ಒಳಗಿನ ಅರಳೆ ಹಸಿಯಾಗಿತ್ತು. ನೀರು ತಾಗಿಸಿದಿರಾ ಎಂದು ನರ್ಸ್ ಕೇಳಿದಳು. ದಿನಾ ಪ್ಲಾಸ್ಟಿಕ್ ಚೀಲ ಕಟ್ಟಿಕೊಂಡೇ ಸ್ನಾನ ಮಾಡುತ್ತೇನೆ ಎಂದಳು ನೀಲವ್ವ. ಅದು ನಿಜವೇ. ಹಾಗಾದರೆ ಅರಳೆ ಹಸಿ ಯಾಕೆ? ಬಸ್ಸಿನ ದಾರಿಯುದ್ದಕ್ಕೂ ಹುಡುಗಿಯ ತಲೆಯಲ್ಲಿ ಅದೇ ಪ್ರಶ್ನೆ. ಸೋಮವಾರದ ಮಾತು ಮರೆತೇ ಹೋಯಿತು.

ಹಿತ್ತಲಲ್ಲಿ ತಾಯಿ ನೀರು ಕಾಯಿಸಿಟ್ಟಿದ್ದಳು. ನೀಲವ್ವ ಕಲ್ಲಿನ ಮೇಲೆ ಕೂತು ಮೊದಲ ತಂಬಿಗೆ ಎತ್ತಿದಳು. ಹೊಸ ಪಟ್ಟಿಯ ಕಾಲಿಗೆ ಚೀಲ ಕಟ್ಟಿರಲಿಲ್ಲ.

ದಾನೇಶ್ವರಿ ಅವಳ ಕೈ ಹಿಡಿದಳು. "ಅತ್ತಿ, ಚೀಲ ಎಲ್ಲಿ?"

"ಅದು ದಿನದ ಜಳಕಕ್ಕ. ಇದು ದವಾಖಾನಿಗೆ ಹೋಗಿ ಬಂದ ಕಾಲು. ಇದಕ್ಕ ನೀರು ಮುಟ್ಟಲಿಲ್ಲಂದ್ರ ಉಳಿದ ಮೈ ತೊಳದು ಏನ್ ಬಂತು?"

ಕೇಳಿದಿರಾ? ಅತ್ತೆ ನರ್ಸಿಗೆ ಸುಳ್ಳು ಹೇಳಿರಲಿಲ್ಲ. ಆಸ್ಪತ್ರೆಗೆ ಹೋಗಿ ಬಂದ ದಿನ ಮನೆಯಲ್ಲಿ ಏನು ಮಾಡುತ್ತೀ ಎಂದು ಅವಳನ್ನು ಯಾರೂ ಕೇಳಿರಲಿಲ್ಲ, ಅಷ್ಟೇ. ಪಟ್ಟಿ ಕಟ್ಟಿಸಿಕೊಂಡ ದಿನವೇ ಪಟ್ಟಿ ನೆನೆಯುತ್ತಿತ್ತು, ಒಳಗಿನ ಅರಳೆ ಒಣಗುತ್ತಲೇ ಇರಲಿಲ್ಲ.

ಹುಡುಗಿ ಅತ್ತೆಯ ಕಾಲನ್ನೆತ್ತಿ ತನ್ನ ಮಡಿಲಲ್ಲಿಟ್ಟುಕೊಂಡಳು. ನೀರು ಬೀಳಗೊಡಲಿಲ್ಲ. ನೀಲವ್ವ ಬೈದಳು, ಆಮೇಲೆ ಅತ್ತಳು. ಈ ಕಾಲಿನಲ್ಲಿ ದೇವರ ಮನೆಗೆ ಹೇಗೆ ಹೋಗಲಿ, ಸಂಜೆಯ ದೀಪ ಯಾರು ಹಚ್ಚಬೇಕು ಎಂದಳು.

"ನಾ ಹಚ್ಚತೇನಿ," ಎಂದಳು ದಾನೇಶ್ವರಿ.

"ನೀನೂ ದವಾಖಾನಿಗೆ ಹೋಗಿ ಬಂದಾಕಿ, ಖೋಡಿ."

"ಹೌದಲ್ಲ. ನೋಡೂಣು, ಹತ್ತತೈತೋ ಇಲ್ಲೋ."

ಸಾಬೂನು ಹಚ್ಚಿ ಕೈ ತೊಳೆದು ದೀಪ ಹಚ್ಚಿದಳು. ಅತ್ತೆ ಬಾಗಿಲಲ್ಲಿ, ತಾಯಿ ಅವಳ ಹಿಂದೆ, ಇಬ್ಬರೂ ಉಸಿರು ಹಿಡಿದು ನಿಂತರು. ದೀಪ ನಿನ್ನೆ ಉರಿದ ಹಾಗೆಯೇ ಉರಿಯಿತು.

ಸೋಮವಾರ ಅವಳು ನರ್ಸಿಂಗ್ ಎಂದಳು. ತಾಯಿ ಬೇಡ ಎನ್ನಲಿಲ್ಲ. ಪಟ್ಟಿ ಮತ್ತೆ ನೆನೆಯಲಿಲ್ಲ, ಹುಣ್ಣು ಮಾಯಿತು, ನೀಲವ್ವನ ಬೆರಳು ಉಳಿಯಿತು. ಹುಡುಗಿಗೆ ನೌಕರಿ ಸಿಕ್ಕಿತೇ ಎನ್ನುತ್ತೀರಾ? ಇನ್ನೂ ಓದುತ್ತಿದ್ದಾಳೆ. ಸಿಕ್ಕೇ ಸಿಗುತ್ತದೆ ಎಂದು ಈ ಪೀಠದಲ್ಲಿ ಕೂತು ಹೇಳಿದರೆ ಸುಳ್ಳಾದೀತು. ಕಾಲ ಕಷ್ಟದ್ದಾಗಿದೆ, ಆಸ್ಪತ್ರೆಗಳಲ್ಲೂ ಜಾಗಗಳಿಗೆ ನೂಕುನುಗ್ಗಲು. ಆದರೆ ಹಸಿ ಅರಳೆಯನ್ನು ಕಂಡು ಯಾಕೆ ಎಂದು ಕೇಳುವವಳು ಯಾವ ವಾರ್ಡಿಗೆ ಬೇಡ, ಹೇಳಿ?

ನೀವೇನು ಮಾಡುತ್ತಿದ್ದೀರಿ? ಮಕ್ಕಳನ್ನು ಕೂರಿಸಿಕೊಂಡು ಯಾವುದಕ್ಕೆ ನೌಕರಿ ಇದೆ, ಯಾವುದಕ್ಕೆ ಸಂಬಂಧ ಬರುತ್ತದೆ ಎಂದು ನೀವೇ ಕೇಳಿ ನೀವೇ ಉತ್ತರ ಹೇಳುತ್ತಿದ್ದೀರಿ. ಅದನ್ನೂ ವಿಚಾರಿಸಿ, ಬೇಡ ಎನ್ನುವುದಿಲ್ಲ. ಆದರೆ ಅದಕ್ಕೆ ಮೊದಲು, ಯಾವುದನ್ನು ನೋಡಿದರೆ ನಿನಗೆ ಕಣ್ಣು ಕೀಳಲಾಗುವುದಿಲ್ಲ ಎಂದು ಕೇಳಿ. ಕೇಳಿ ಸುಮ್ಮನೆ ಕೂರಿ. ಉತ್ತರ ತಡವಾಗಿ ಬರುತ್ತದೆ.

ಮತ್ತೆ, ನಿಮ್ಮ ಮನೆಯಲ್ಲಿ ಗಾಯವಿದ್ದವರಿದ್ದರೆ ಇವತ್ತೇ ಅವರ ಪಟ್ಟಿ ಮುಟ್ಟಿ ನೋಡಿ. ನಾಳೆ ಮಗಳೋ ಸೊಸೆಯೋ ಆಸ್ಪತ್ರೆಯ ಕೆಲಸ ಮುಗಿಸಿ ಬಂದರೆ ಹಿತ್ತಲಿಗೆ ಕಳಿಸಬೇಡಿ. ಮುಂಬಾಗಿಲು ತೆರೆಯಿರಿ, ಕೈಗೆ ಸಾಬೂನು ಕೊಡಿ, ಎದುರಿಗೆ ಕೂತು ಕೇಳಿ: ಇವತ್ತು ಏನು ನೋಡಿದೆ, ತಾಯಿ?