ಕೌದಿಯ ನಾಲ್ಕನೇ ಮೂಲೆ

ಇದು ನನ್ನ ಚಿಕ್ಕಪ್ಪನ ಮಗಳು ಶಿವದೇವಿಗೆ ಆದದ್ದು. ಎಂಬತ್ಮೂರರಲ್ಲಿ, ಮಲ್ಕಾಜ್‌ಗಿರಿಯ ರೈಲ್ವೆ ಕ್ವಾರ್ಟರ್ಸಿನಲ್ಲಿ. ಮಕ್ಕಳು ಮಲಗಿದವೇ? ಸರಿ, ಕೇಳಿ.

ಒಂದು ಸಂಜೆ ಕಾಚಿಗೂಡದ ಪೇಟೆಯಲ್ಲಿ ಕೆಂಪು ದಾರ ಕೊಂಡಳು. ವಾಪಸು ಬರುವ ರೈಲು ತಡವಾಯಿತು. ಹಾಳುಬಾವಿಯ ಪಕ್ಕದ ದಾರಿ... ಸೆರಗು ಬಿಗಿಹಿಡಿದು ಬಿರಬಿರನೆ ನಡೆದಳು. ಮಗಳಿಗೆ ದಿನ ತುಂಬಿದ್ದವು. ಹುಟ್ಟುವ ಕೂಸಿನ ಕೌದಿಗೆ ಇನ್ನೂ ಒಂದು ಮೂಲೆ ಹೊಲಿಯುವುದಿತ್ತು.

ಹಳೆ ಸೀರೆಗಳ ಆ ಕೌದಿಯನ್ನು ಅವಳೂ ಪಕ್ಕದ ಮನೆಯ ಯಮುನಾಬಾಯಿಯೂ ಕೂಡಿ ಹೊಲಿಯುತ್ತಿದ್ದರು. ಮೂರು ಮೂಲೆ ಮುಗಿಯುವಷ್ಟರಲ್ಲಿ ಯಮುನಾಬಾಯಿ ತೀರಿಕೊಂಡರು. ಅಂದಿನಿಂದ ಶಿವದೇವಿಗೆ ಯಾವುದರಲ್ಲೂ ಮನಸ್ಸಿಲ್ಲ. ಹಾಲು ಉಕ್ಕಿದರೂ ಎಚ್ಚರವಿಲ್ಲ, ಸಾರಿಗೆ ಉಪ್ಪು ಹಾಕಿದ್ದು ನೆನಪಿಲ್ಲ. ಕಣ್ಣು ಮುಚ್ಚಿದರೆ ಮಾತ್ರ ಆ ಕೌದಿ, ಅದರ ಒಂದೊಂದು ತುಂಡು... ಯಮುನಾಬಾಯಿಯ ಬಳೆ, ನಗೆ, ಕೊಂಕು ಮಾತು, ಕತ್ತರಿ ಮುಟ್ಟದೆ ಹಲ್ಲಿನಿಂದಲೇ ದಾರ ಕಡಿಯುವ ಚಾಳಿ.

ಬಾವಿ ದಾಟಿದಳು. ಹಿಂದೆ ಸದ್ದು.

ಚುಕ್... ಸರ್ರ್... ಚುಕ್... ಸರ್ರ್...

ದಪ್ಪ ಬಟ್ಟೆಗೆ ಸೂಜಿ ಚುಚ್ಚಿ ಉದ್ದ ದಾರ ಎಳೆಯುವ ಸದ್ದು.

"ಯಾರ್ರಿ?"

"ಮುಗಸಬ್ಯಾಡ ತಂಗಿ..."

ದನಿಯ ಗುರುತು ಸಿಕ್ಕಿತು. ಯಮುನಾಬಾಯಿಯದೇ.

"ಅಕ್ಕಾರ... ಕೂಸು ಬರಾಕತ್ತೈತಿ. ಅರ್ಧಾ ಕೌದಿ ಹೊದಸಲೇನ್ರಿ?"

"ಮುಗದ್ರ ನನ್ನ ಮರೀತಿ."

"ಹುಚ್ಚೇನ್ರಿ ನಿಮಗ? ನಿಮ್ಮನ್ನ ಮರಿಯಾಕ ಆಗತೈತೇನು?"

ಬಾವಿಯೊಳಗೆ ಸಣ್ಣದೇನೋ ಬಿತ್ತು... ಟುಳುಕ್.

ಅದೇ ರಾತ್ರಿ ಕೂತು ಹೊಲಿದಳು. ಗಂಟು ಹಾಕಿದಳು. ಕತ್ತರಿಯಿಂದ ದಾರ ಕತ್ತರಿಸಿ ಮಲಗಿದಳು. ಎಷ್ಟೋ ದಿನ ಬಾರದಿದ್ದ ನಿದ್ದೆ ಬಂತು.

ಬೆಳಗ್ಗೆ ಗಂಡ ವೈಜನಾಥ ಕೌದಿ ಸವರಿ ನೋಡಿದ.

"ಅಂತೂ ಮುಗೀತಲ್ಲ! ಯಮುನಾಬಾಯಾರು ಇರಬೇಕಾಗಿತ್ತು ನೋಡು."

"ಯಾರ್ರಿ ಅವರು?"

"ಮುಂಜಾನೆದ್ದು ಚಾಷ್ಟಿ ಮಾಡಬ್ಯಾಡ."

ಚೇಷ್ಟೆಯಲ್ಲ. ಪಕ್ಕದ ಮನೆಯ ಬೀಗ ತೋರಿಸಿದ. ಇಬ್ಬರೂ ಕೂತಿದ್ದ ಫೋಟೋ ತೋರಿಸಿದ. ಶಿವದೇವಿ ಬಹಳ ಹೊತ್ತು ನೋಡಿದಳು.

"ಪಾಪ, ಮುಖದಾಗ ಭಾಳ ಪ್ರೀತಿ ಐತಿ," ಎಂದಳು. "ನಿಮ್ಮ ಪೈಕಿ ಏನ್ರಿ?"

ಶಿವದೇವಿಯ ಮೊಮ್ಮಗನ ತೊಟ್ಟಿಲ ಶಾಸ್ತ್ರಕ್ಕೆ ನಾನು ಹೋಗಿದ್ದೆ. ಕೌದಿ ಚಂದವಿತ್ತು. ಕೊನೆಯ ಹೊಲಿಗೆಯ ದಾರದ ತುದಿ ಮಾತ್ರ ಚಪ್ಪಟೆ... ಹಲ್ಲಿನಿಂದ ಕಡಿದ ಹಾಗೆ. ಮುಟ್ಟಿದೆ. ಒದ್ದೆ.

ಸುಳ್ಳು ಅನ್ನುವುದಾದರೆ ಅನ್ನಿ. ಮುಟ್ಟಿದ್ದು ಈ ಬೆರಳೇ. ಕೂಸಿಗೆ ಇನ್ನೂ ಹಲ್ಲು ಬಂದಿರಲಿಲ್ಲ.