ಹುಳದ ಮನೆಯ ಹಡಗು

ದೀಪ ಸ್ವಲ್ಪ ಸಣ್ಣ ಮಾಡಿ... ಹಾಂ, ಸಾಕು.

ಇದು ಅವರಿವರ ಬಾಯಿಂದ ಬಂದಿದ್ದಲ್ಲ. ನಮ್ಮ ಚಿಕ್ಕಮ್ಮನ ಮಗಳು ಭಾರತಮ್ಮನಿಗೆ ಆಗಿದ್ದು. ಅವಳನ್ನ ಲಕ್ಕೂರು ಕಡೆ ಒಂದು ಹಳ್ಳಿಗೆ ಕೊಟ್ಟಿದ್ವಿ. ರೇಷ್ಮೆ ಹುಳ ಸಾಕೋ ಮನೆತನ. ಅತ್ತೆ ವೆಂಕಟರತ್ನಮ್ಮ, ನಾಲ್ಕು ಜನ ಗಂಡುಮಕ್ಕಳು, ನಾಲ್ಕು ಜನ ಸೊಸೇರು. ಇವಳೇ ಕಿರಿಯವಳು.

ಎಂಬತ್ನಾಲ್ಕನೇ ಇಸವಿ, ಬೇಸಿಗೆ. ಪಂಪ್‌ಸೆಟ್ಟಿಗೆ ಕರೆಂಟು ಬಿಡ್ತಿದ್ದಿದ್ದೇ ರಾತ್ರಿ ಹೊತ್ತು. ತೋಟಕ್ಕೆ ನೀರು ಕಟ್ಟಿ, ಸೊಪ್ಪಿನ ಮಂಕರಿ ತಲೆ ಮೇಲಿಟ್ಕೊಂಡು ಭಾರತಮ್ಮನೂ ಹಿರೀ ವಾರಗಿತ್ತಿ ಅಕ್ಕಯಮ್ಮನೂ ಬಾವಿ ಪಕ್ಕದ ದಾರೀಲಿ ಮನೆಗೆ ಬರ್ತಿದ್ರು. ಮೋಟ್ರು ನಿಂತಿತ್ತು. ಬಾವಿಯೊಳಗೆ ಪೈಪಿಂದ ನೀರು ಜಿನುಗೋ ಸದ್ದು... ತೊಟ್... ತೊಟ್...

"ಅಕ್ಕ, ಅದು ಇನ್ನೂ ಮೇಲೇ ಇದೆ ಅಲ್ವಾ?" ಅಂದ್ಲು ಭಾರತಮ್ಮ, ಮೆತ್ತಗೆ.

ಅಕ್ಕಯಮ್ಮ ನಿಂತ್ಬಿಟ್ಲು. "ಬಾವಿ ಹತ್ರ ಆ ಮಾತು ಯಾಕೇ? ನಡಿ."

"ದಿನಾ ಕನಸಲ್ಲಿ ಬರುತ್ತೆ. ನಾನು ಅದರೊಳಗೇ ಇರ್ತೀನಿ. ಗೋಡೆ ಸವರ್ತೀನಿ, ಸವರ್ತೀನಿ... ಬಾಗಿಲೇ ಸಿಗಲ್ಲ."

ಅಕ್ಕಯಮ್ಮ ತಲೆ ಮೇಲಿನ ಮಂಕರಿ ಸರಿ ಮಾಡ್ಕೊಂಡು, "ನನಗೂ ಕಣೇ" ಅಂದ್ಲು.

'ಅದು' ಅಂದ್ರೆ ಏನು ಅಂತ ಹೇಳ್ತೀನಿ, ಕೇಳಿ.

ಸ್ಕೈಲ್ಯಾಬ್ ಬೀಳುತ್ತೆ ಅಂತ ಊರೂರೇ ನಡುಗಿದ ವರ್ಷ ನೆನಪಿದೆಯಲ್ಲ? ಎಪ್ಪತ್ತೊಂಬತ್ತು. ನಮ್ಮ ಕಡೆ ಜನ ಸಾಯೋದಾದ್ರೆ ತಿಂದೇ ಸಾಯೋಣ ಅಂತ ಕೋಳಿ ಕುಯ್ಕೊಂಡು ತಿಂದ್ರು. ಆಗ ಈ ನಾಲ್ಕು ಸೊಸೇರಿಗೂ ಹುಳದ ಮನೇಲಿ ರಾತ್ರಿ ಪಾಳಿ. ನಿದ್ದೆ ಬರಬಾರದಲ್ಲ, ಅದಕ್ಕೆ ಭಾರತಮ್ಮ ಒಂದು ಆಟ ಕಟ್ಟಿದ್ಲು. ಎಸ್ಸೆಸ್ಸೆಲ್ಸಿ ಓದಿದ್ದೋಳು. ಈ ಹುಳದ ಮನೆಯೇ ಆಕಾಶದ ಹಡಗು. ತಟ್ಟೆ ಮೇಲಿನ ಹುಳಗಳೇ ಪ್ಯಾಸೆಂಜರು. ಅಕ್ಕಯಮ್ಮ ಡ್ರೈವರು. ಎರಡನೆಯವಳು ಶಾಮಲಮ್ಮ ಮಿಶಿನ್ನು ನೋಡ್ಕೊಳ್ಳೋಳು, ನಾಲಿಗೇಲಿ ಗುರ್ರ್ ಅಂತ ಸದ್ದು ಮಾಡೋಳು. ಯಾವ ಗ್ರಹ ಬಂತು, ಅಲ್ಲಿ ಎಂಥ ಜನ ಅಂತ ಹೇಳೋದು ಭಾರತಮ್ಮನ ಕೆಲಸ. ಒಬ್ಬಳು ಒಂದೆಳೆ ಹೇಳಿದ್ರೆ ಇನ್ನೊಬ್ಬಳು ಮುಂದಿನೆಳೆ. ಹಂಗೇ ಮೂರು ವರ್ಷ ನಡೀತು, ನೋಡಿ! ಗಂಡಸರಿಗೆ ಯಾರಿಗೂ ಗೊತ್ತಿಲ್ಲ.

ಮೂರನೆಯವಳು ಕದಿರಮ್ಮ. ಅವಳು ಭೂಮಿ.

ಹೊರಗಾದೋರು ಹುಳದ ಮನೆ ಹೊಸಿಲು ದಾಟೋ ಹಂಗಿಲ್ಲ, ಗೊತ್ತಲ್ಲ. ಅವಳು ಹಂಗೆ ಕೂತಿದ್ದ ಒಂದು ರಾತ್ರಿ ಆಚೆ ಜಗಲಿಯಿಂದಲೇ, ಕಿಟಕಿಗೆ ಬಾಯಿಟ್ಟು, "ಹಡಗು, ಹಡಗು... ನಾನು ಭೂಮಿ. ಕೇಳಿಸ್ತಿದ್ಯಾ?" ಅಂದಿದ್ಲು. ಅದು ಎಷ್ಟು ಚೆನ್ನಾಗಿತ್ತು ಅಂದ್ರೆ, ಆಮೇಲೆ ಕತೆ ಹೇಳೋ ಹೊತ್ತಿಗೆ ಯಾವಾಗ್ಲೂ ಅವಳು ಆಚೆ ಹೋಗಿ ಕೂತ್ಕೊಳ್ಳೋಳು. ಕಳ್ಳ ಬಂದ, ಬೆಂಕಿ ಬಿತ್ತು ಅಂತ ಸುಳ್ಳುಸುಳ್ಳೇ ಹೆದರಿಸಿ ನಗಿಸೋಳು.

ಎಂಬತ್ತೆರಡರಲ್ಲಿ ಒಂದು ರಾತ್ರಿ, "ಹಡಗು, ಬಾಗಿಲು ತೆಗೀರಿ. ಕಾಲಿಗೆ ಏನೋ ಕಚ್ತು" ಅಂದ್ಲು.

ಇವರು ನಕ್ಕರು. ಭಾರತಮ್ಮ ಹೇಳಿದ್ಲು, "ಆಗಲ್ಲ ಭೂಮಿ! ಬಾಗಿಲು ತೆಗೆದ್ರೆ ಗಾಳಿಯೆಲ್ಲ ಹೊರಟೋಗುತ್ತೆ."

ಆಚೆಯವಳು ಮತ್ತೆ ಕರೆದ್ಲು. ಇವರು ಮತ್ತೆ ನಕ್ಕರು. ಆಮೇಲೆ ಸುಮ್ಮನಾದ್ಲು. ಬೆಳಗಿನ ಜಾವ ಅಗಣಿ ತೆಗೆದಾಗ ಕದಿರಮ್ಮ ಜಗಲಿ ಮೇಲೆ ಹಂಗೇ ಒರಗಿದ್ಲು. ಹಾವು...

ಅವತ್ತಿಗೆ ಆಟ ನಿಂತ್ಹೋಯ್ತು. ಆ ಹೆಸರು ಯಾರೂ ಎತ್ತಲಿಲ್ಲ. ಆದರೆ ಕತೆ? ಅದು ನಡುದಾರೀಲಿ ನಿಂತಿತ್ತು. ಹಡಗು ಎಲ್ಲೂ ಇಳಿದಿರಲಿಲ್ಲ.

ಈಗ, ಈ ಎಂಬತ್ನಾಲ್ಕರಲ್ಲಿ, ಅಣ್ಣತಮ್ಮಂದಿರು ಭಾಗ ಆಗೋದು ಅಂತ ಆಗಿತ್ತು. ಭಾರತಮ್ಮನ ಗಂಡನಿಗೆ ಮಾಲೂರಿನ ಹೆಂಚಿನ ಕಾರ್ಖಾನೇಲಿ ಕೆಲಸ ಸಿಕ್ಕಿತ್ತು. ಹುಳದ ಮನೆ ಕೆಡವೋರಿದ್ರು. ಅದೇ ಕೊನೇ ಬೆಳೆ. ನಾಕನೇ ಜ್ವರ, ಅಂದ್ರೆ ಕೊನೇ ಪೊರೆ, ಬಿಟ್ಟು ವಾರ ಆದ ಹುಳ, ಹಣ್ಣಾಗಿ ಗೂಡು ಕಟ್ಟೋಕೆ ಒಂದೆರಡು ದಿನ ಬಾಕಿ.

"ಇವತ್ತೇ ಇಳಿಸ್ಬಿಡೋಣ. ಮೂವರೂ ಸೇರಿ ಮುಗಿಸ್ಬಿಡೋಣ" ಅಂದ್ಲು ಅಕ್ಕಯಮ್ಮ, ಆ ಬಾವಿ ದಾರೀಲೇ.

ಹುಳ ಕೊಲ್ಲೋ ಊಜಿ ನೊಣ ಬರಬಾರದು ಅಂತ ಕಿಟಕಿಗೆ ಪರದೆ ಬಟ್ಟೆ ಹೊಡೆದಿದ್ರು. ಮೂವರೂ ಒಳಗೆ ಹೋಗಿ ಬಾಗಿಲು ಹಾಕಿ ಅಗಣಿ ಜಡಿದ್ರು. ಒಂದು ಲಾಟೀನು. ಹುಳ ಮೇಯೋ ಸದ್ದು... ಸರ ಸರ ಸರ... ಹೆಂಚಿನ ಮೇಲೆ ತುಂತುರು ಹನಿ ಬಿದ್ದಂಗೆ. ಅಕ್ಕಯಮ್ಮ ಮೆಲ್ಲಗೆ ಶುರು ಮಾಡಿದ್ಲು. "ಭೂಮಿ ಕಾಣಿಸ್ತಿದೆ." ಶಾಮಲಮ್ಮ ಗುರ್ರ್ ಅಂದ್ಲು. ಭಾರತಮ್ಮ ಅಂದ್ಲು, "ಕೆರೆ ಕಂಡಿತು. ಟೇಕಲ್ ಬೆಟ್ಟ ಕಂಡಿತು. ನಮ್ಮ ಹಟ್ಟಿ ಕಂಡಿತು."

"ಇಳಿದ್ವಿ. ಮಿಶಿನ್ನು ಆರಿಸು" ಅಂದ್ಲು ಅಕ್ಕಯಮ್ಮ.

ಶಾಮಲಮ್ಮ ಗುರ್ರ್ ಅನ್ನೋದು ನಿಲ್ಲಿಸಿದ್ಲು.

ಹುಳಗಳೂ ನಿಲ್ಲಿಸಿದ್ವು.

ಅಷ್ಟೂ ತಟ್ಟೆ. ಒಂದೇ ಸಲಕ್ಕೆ. ಒಂದು ಹುಳವೂ ಸೊಪ್ಪು ಕಡಿಯಲ್ಲ. ಆ ಸದ್ದು ನಿಂತ ಮನೆ ಎಂಥದ್ದು ಅಂತ ಹುಳ ಸಾಕಿದೋರಿಗೇ ಗೊತ್ತು.

ಅಕ್ಕಯಮ್ಮ ಎದ್ದು ಅಗಣಿ ತೆಗೆದ್ಲು. ಬಾಗಿಲು ಎಳೆದ್ಲು. ಬರಲಿಲ್ಲ. ಮೂವರೂ ಸೇರಿ ಎಳೆದ್ರು. ಕದ ಅಲ್ಲಾಡಲೂ ಇಲ್ಲ, ಗೋಡೆಗೇ ಗಾರೆ ಹಾಕಿ ಮೆತ್ತಿದಂಗೆ. ಕೂಗಿದ್ರು. ಗಂಡಸರೆಲ್ಲ ಕಣದಲ್ಲಿ ಮಲಗಿದ್ರು, ಕೂಗಳತೆ ದೂರ. ಆದ್ರೆ ಕೂಗು ಆಚೆ ಹೋಗ್ತಿಲ್ಲ. ಗಡಿಗೆಯೊಳಗೆ ಬಾಯಿಟ್ಟು ಕೂಗಿದಂಗೆ ತಮ್ಮ ಕಿವಿಗೇ ವಾಪಸ್ಸು ಬರ್ತಿದೆ. ಉಸಿರು ಬಿಗೀತು. ಲಾಟೀನಿನ ಕುಡಿ ಸಣ್ಣಗಾಗ್ತಾ ಬಂತು...

ಆಗ, ಕಿಟಕಿ ಕಡೆಯಿಂದ...

"ಹಡಗು, ಹಡಗು... ನಾನು ಭೂಮಿ."

ಅದೇ ದನಿ. ಸ್ವಲ್ಪವೂ ಬದಲಾಗಿಲ್ಲ.

"ಅಕ್ಕಾ... ನೀವು ಇನ್ನೂ ಇಳಿದಿಲ್ಲ. ನಾನು ಇಲ್ಲೇ ಕೂತಿದೀನಿ. ಒಬ್ಬಳೇ."

ಅಕ್ಕಯಮ್ಮ ಕಿಟಕಿ ಕಡೆ ತಿರುಗಿದ್ಲು.

"ನಾನು ಒಳಗೆ ಬರ್ತೀನಿ ಅಕ್ಕಾ. ಒಬ್ರು ಆಚೆ ಬನ್ನಿ. ಭೂಮಿ ಹತ್ರ ಯಾರಾದ್ರೂ ಇರ್ಬೇಕಲ್ವಾ?"

ಭಾರತಮ್ಮ ಬಾಗಿಲ ಹತ್ರ ಹೋದ್ಲು. ಗಾಳಿ ಹೊರಟೋಗುತ್ತೆ ಅಂತ ಅವತ್ತು ಅಂದಿದ್ದು ಅವಳೇ ತಾನೇ. "ನಾನು ಹೋಗ್ತೀನಿ ಅಕ್ಕ. ನಾನೇ ಹೋಗ್ಬೇಕು."

ಅಷ್ಟು ಅಂದಿದ್ದೇ ತಡ... ಕಿರ್ರ್... ಕದ ಬೆರಳಗಲ ಸಂದು ಬಿಟ್ಟಿತು. ತಾನಾಗೇ.

ಸಂದಿಯಲ್ಲಿ ಅಂಗಳ ಇರಲಿಲ್ಲ. ಹುಣಸೇ ಮರ ಇರಲಿಲ್ಲ. ಬರೀ ಕಪ್ಪು. ಮತ್ತೆ ಚಳಿ... ಬೇಸಿಗೇಲಿ! ಮೂಳೆ ಕೊರೆಯೋ ಚಳಿ. ಭಾರತಮ್ಮನ ಸೆರಗು ಆ ಸಂದಿಯೊಳಕ್ಕೆ ಸರ್ರನೆ ಎಳ್ಕೊಂಡಿತು. ಅಕ್ಕಯಮ್ಮ ಹಾರಿ ಅವಳ ಜಡೆ ಹಿಡಿದು ಈಚೆಗೆಳೆದು, ಕೆನ್ನೆಗೊಂದು ಬಿಟ್ಲು. ಕದಕ್ಕೆ ಬೆನ್ನು ಕೊಟ್ಟು ಒತ್ತಿ ನಿಂತ್ಲು. ಆಮೇಲೆ ಮಾತಾಡಿದ್ಲು. ಡ್ರೈವರ್ ದನೀಲಿ ಅಲ್ಲ, ಮನೆ ಹಿರೀಸೊಸೆ ದನೀಲಿ.

"ಕದಿರಿ, ಕೇಳಮ್ಮ. ಅವತ್ತು ನೀನು ಕೂಗಿದ್ದು ಆಟ ಅಂದ್ಕೊಂಡ್ವಿ. ತಪ್ಪಾಯ್ತು. ಮೂವರದೂ ತಪ್ಪು."

ಸೆರಗಲ್ಲಿ ಮುಖ ಒರೆಸ್ಕೊಂಡ್ಲು.

"ಇಲ್ಲಿಂದ ಯಾರನ್ನೂ ಕಳಿಸಲ್ಲ. ಹಡಗು ಇಳಿಯೋದೂ ಇಲ್ಲ. ಕತೆ ನಾನು ಮುಗಿಸ್ತೀನಿ, ಕೇಳಿಸ್ಕೋ. ಹಡಗು ಮುಂದಕ್ಕೆ ಹೋಯ್ತು. ನಕ್ಷತ್ರಗಳ ಆಚೆಗೆ ಹೋಯ್ತು. ತಿರುಗಿ ಬರಲಿಲ್ಲ. ಅದಕ್ಕೆ ಭೂಮಿ ಕಾಯೋದು ಬಿಟ್ಲು. ಅವಳ ಪಾಳಿ ಮುಗೀತು. ಎದ್ದು ಹೋದ್ಲು... ಹೋಗಮ್ಮ. ಎಷ್ಟು ರಾತ್ರಿ ಅಂತ ಕೂತಿರ್ತೀಯ?"

ಕಿಟಕಿ ಪರದೆ ಒಂದು ಸಲ ಒಳಕ್ಕೆ ಉಬ್ಬಿತು, ಯಾರೋ ಮುಖ ಆನಿಸಿದಂಗೆ.

"ಹಂಗಾದ್ರೆ... ದೀಪ ಆರಿಸ್ಲಾ ಅಕ್ಕಾ?"

ಅಕ್ಕಯಮ್ಮ ಕಣ್ಣು ಮುಚ್ಕೊಂಡ್ಲು. "ಆರಿಸು."

ಲಾಟೀನು ಆರಿತು. ಗಾಜು ಹಾಕಿದ್ದ ಲಾಟೀನು, ಒಳಗೆ ಇದ್ದಿದ್ದು.

ಕತ್ತಲು. ಮೂವರ ಉಸಿರು... ಆಮೇಲೆ ಎಲ್ಲೋ ಒಂದು ಮೂಲೇಲಿ, ಒಂದೇ ಒಂದು ಹುಳ ಸೊಪ್ಪು ಕಡೀತು. ಸರ್. ಇನ್ನೊಂದು. ಮತ್ತೊಂದು. ಮನೆಯೆಲ್ಲ ಸರ ಸರ ಸರ ಅಂತ ತುಂಬ್ಕೊಂಡಿತು. ಅಕ್ಕಯಮ್ಮ ಕದ ಮುಟ್ಟಿದ್ಲು. ಸಲೀಸಾಗಿ ಬಂತು. ಆಚೆ ಅಂಗಳ, ಹುಣಸೇ ಮರ, ಎಲ್ಲೋ ಕೆಮ್ಮೋ ಆಡು. ಮೂವರೂ ಓಡಿ ನಡುಮನೆಗೆ ಹೋಗಿ ಮುಸುಕು ಹಾಕಿ ಮಲಗಿದ್ರು.

ಬೆಳಿಗ್ಗೆ ಅತ್ತೆ ವೆಂಕಟರತ್ನಮ್ಮ ಹಾಲು ಕರೀತಾ, ತಲೆ ಎತ್ತದೆ ಕೇಳಿದ್ರಂತೆ. "ಏಮೇ ಭಾರತಿ, ರಾತ್ರಿಯೆಲ್ಲ ಮೂವರೂ ಜಗಲಿ ಮೇಲೆ ಸಾಲಾಗಿ ಕೂತು ಏನ್ ಪಿಸಿಪಿಸಿ ಅಂತಿದ್ರಿ?"

"ನಾವು ಒಳಗಿದ್ವಿ ಅತ್ತೆ."

"ಎಲ್ಲಿ ಒಳಗೆ? ನಾನು ಎರಡು ಸಲ ಎದ್ದು ಬಂದೆ. ಬಾಗಿಲು ಹಾರು ಹೊಡೆದಿತ್ತು. ನೊಣ ನುಗ್ಗುತ್ತಲ್ಲ, ಬಯ್ಯೋಣ ಅಂದ್ಕೊಂಡೆ. ಒಳಗೆ ಒಬ್ಬಳು ಬೆನ್ನು ತಿರುಗಿಸ್ಕೊಂಡು ಹುಳಕ್ಕೆ ಸೊಪ್ಪು ಹಾಕ್ತಿದ್ಲು. ಕೆಲಸ ನಡೀತಿದೆಯಲ್ಲ ಅಂತ ಸುಮ್ನಾದೆ."

ಭಾರತಮ್ಮ ಕೈಲಿದ್ದ ಚೊಂಬು ಬಿಟ್ಬಿಟ್ಲು.

ಆ ವೆಂಕಟರತ್ನಮ್ಮ ಕತೆ ಕಟ್ಟೋ ಹೆಂಗಸಲ್ಲ. ಆಟದ ವಿಷಯ ಸಾಯೋವರೆಗೂ ಅವರಿಗೆ ಗೊತ್ತೇ ಇರಲಿಲ್ಲ. ಭಾರತಮ್ಮ ಈಗ್ಲೂ ಮಾಲೂರಲ್ಲೇ ಇದಾಳೆ, ಅನುಮಾನ ಇದ್ರೆ ನಾನೇ ಕರ್ಕೊಂಡು ಹೋಗ್ತೀನಿ, ಕೇಳಿ. ನಡೆದಿದ್ದು ನಡೆದಂಗೇ ಹೇಳಿದೀನಿ, ಒಂದು ಮಾತೂ ಸೇರಿಸಿಲ್ಲ.

ಅತ್ತೆ ಹಾಲಿನ ಪಾತ್ರೆ ಎತ್ಕೊಂಡು ಒಳಗೆ ಹೋಗ್ತಾ ಇನ್ನೊಂದು ಮಾತು ಹೇಳಿದ್ರಂತೆ. "ಕಣ್ಣು ಮಂಜು, ಯಾರು ಅಂತ ಗೊತ್ತಾಗ್ಲಿಲ್ಲ. ಕೂಲಿಗೆ ಕರೆಸಿದ್ರೋ ಏನೋ, ಒಳ್ಳೆ ಕೈ ಅವಳದು. ನಾಳೆ ಹಣ್ಣುಹುಳ ಆರಿಸೋಕೂ ಅವಳನ್ನೇ ಬರ್ಹೇಳಿ."