ಖಾಲಿ ನಳಿಕೆಯ ನೀಲಿ

ಇದು ನಮ್ಮ ಪಕ್ಕದ ಮನೆ ಲಬೇಜಾನಿಗೆ ಆದದ್ದು. ಕತೆ ಕಟ್ಟುವ ಪೈಕಿ ಅಲ್ಲ ಅವನು.

ಗುಲು ಪೇಟೆಯಾಚೆ ಒಂದು ಲ್ಯಾಬಿನಲ್ಲಿ ಅವನಿಗೆ ಕೆಲಸ. ಕಾಳು, ಸೊಪ್ಪುಗಳಿಂದ ಫೀನಾಲ್ ತೆಗೆಯುವುದು. ನಾಲಿಗೆಗೆ ಒಗರು ಹತ್ತಿಸುತ್ತದಲ್ಲ, ಅದು. ಹಿಟ್ಟನ್ನು ಮೆಥನಾಲಿನಲ್ಲಿ ನೆನೆಹಾಕಿ, ಬೆಳಕು ತಾಗದಂತೆ ಬಾಟಲಿಗೆ ಅಲ್ಯೂಮಿನಿಯಂ ಹಾಳೆ ಸುತ್ತಿ, ಕುಲುಕುವ ಯಂತ್ರದ ಮೇಲೆ ಇಡಬೇಕು. ಹಿಟ್ಟಿನ ಪೊಟ್ಟಣದ ಮೇಲೆ ನಂಬರು ಮಾತ್ರ ಇರುತ್ತದೆ. ಯಾವ ಕಾಳು ಅಂತ ಕೆಲಸದವನಿಗೆ ಹೇಳುವ ಹಾಗಿಲ್ಲ. ಅಲ್ಲಿನ ಕಟ್ಟಳೆ ಅದು.

ಆ ರಾತ್ರಿ ಏಳನೇ ನಂಬರನ್ನು ಕುಲುಕಲು ಇಟ್ಟು ಮನೆಗೆ ಹೊರಟ. ಬೋರ್‌ವೆಲ್ ಪಕ್ಕ ಆಲದಂಥ ಕಿಟುಬಾ ಮರ. ಅದರಡಿ ಬಂದಾಗ ಸದ್ದು ಕೇಳಿತು.

ಗರ್ರ್... ಗರ್ರ್... ಟಕ್.

ಅರೆಯುವ ಕಲ್ಲು. ಪ್ರತಿ ಸಲ ಅರೆದಾಗಲೂ ಕೊನೆಗೆ ಟಕ್ ಅನ್ನಿಸುತ್ತಿದ್ದವಳು ಊರಲ್ಲಿ ಒಬ್ಬಳೇ. ಅವನ ತಾಯಿ. ಹೋದ ಬೇಸಿಗೆಯಲ್ಲಿ ತೀರಿಕೊಂಡಿದ್ದಳು.

ಬೆನ್ನು ಕಂಡಿತು. ಮುಖ ಕಾಣಲಿಲ್ಲ.

"ಅಮ್ಮಾ...?"

"ಮೆಲ್ಲಗೆ ಮಾತಾಡು."

"ಏನು ಅರೀತಿದ್ದೀಯ?"

"ಅರೆಯೋಕೆ ಏನಿದೆ? ಬರೀ ಕಲ್ಲು... ನನ್ನ ಬೀಜ ಎಲ್ಲಿ?"

"ಭದ್ರವಾಗಿದೆ. ಲ್ಯಾಬಿನ ಅಕೇನಾ ಹತ್ರ ಕೊಟ್ಟಿದ್ದೀನಿ."

"ನೀನೇ ನೆನೆಹಾಕಿ ಬಂದ್ಯಲ್ಲೋ... ಮಗಾ."

ಸದ್ದು ನಿಂತಿತು. ಮರದಡಿ ಯಾರೂ ಇಲ್ಲ.

ಬೀಜ ಅಂದರೆ ಒಂದು ತೆನೆ ಜೋಳ. ಕಪ್ಪುಗೆಂಪು ಬಣ್ಣ, ಹಕ್ಕಿ ಬಾಯಿ ಹಾಕದಷ್ಟು ಒಗರು. ದಂಗೆಯ ಕಾಲದಲ್ಲಿ ಸೈನ್ಯ ಊರವರನ್ನೆಲ್ಲ ನಿರಾಶ್ರಿತರ ಶಿಬಿರಕ್ಕೆ ಅಟ್ಟಿದಾಗ ತಾಯಿ ಅದನ್ನು ತಲೆವಸ್ತ್ರದಲ್ಲಿ ಕಟ್ಟಿಕೊಂಡು ಹೋಗಿದ್ದಳು. ಹಸಿದು ಮಲಗಿದಳು, ಅದನ್ನು ಮುಟ್ಟಲಿಲ್ಲ. ಆಮೇಲೆ ವರ್ಷ ವರ್ಷ ಬಿತ್ತಿ, ಬೀಜಕ್ಕೆಂದು ಒಂದು ತೆನೆಯನ್ನು ಒಲೆಯ ಮೇಲೆ ಕಟ್ಟಿಡುತ್ತಿದ್ದಳು. ಒಲೆಯ ಹೊಗೆಗೆ ತೂಗುಹಾಕಿದ ತೆನೆಯನ್ನು ನಮ್ಮಲ್ಲಿ ಯಾರೂ ಅರೆಯುವುದಿಲ್ಲ. ಅದು ಬಿತ್ತುವುದಕ್ಕೇ. ಆ ಜೋಳ ಬೇರೆ ಯಾರ ಮನೆಯಲ್ಲೂ ಉಳಿದಿರಲಿಲ್ಲ. ತನ್ನ ಕೋಣೆಯಲ್ಲಿ ನುಸಿ ಕಾಟ ಅಂತ ಲಬೇಜಾ ಅದನ್ನು ಅಕೇನಾನ ಕೈಗೆ ಕೊಟ್ಟಿದ್ದ. ಲ್ಯಾಬಿನ ಫ್ರಿಜ್ಜಿನಲ್ಲಿ ಇಟ್ಟಿರು, ಮೊದಲ ಮಳೆಗೆ ಬಿತ್ತುತ್ತೇನೆ ಅಂದಿದ್ದ. ಅಕೇನಾ ಅಲ್ಲಿಯ ಸಂಶೋಧಕ. ಒಂದೇ ತಟ್ಟೆಯಲ್ಲಿ ಉಂಡ ಗೆಳೆಯ.

ಲಬೇಜಾ ಓಡಿಹೋಗಿ ಫ್ರಿಜ್ಜು ತೆಗೆದ. ತೆನೆ ಕಟ್ಟಿದ್ದ ನಾರು ಮಾತ್ರ ಇತ್ತು.

ಅಕೇನಾ ಇನ್ನೂ ಅಲ್ಲೇ ಕೂತು ಕಡಲೆಕಾಯಿ ಸುಲಿಯುತ್ತಿದ್ದ.

"ಏಳನೇ ನಂಬರು ಏನದು?"

"ನಂಬರು ಕೇಳಬಾರ್ದು ಅಂತ ಗೊತ್ತಿಲ್ವೇನೋ?"

"ಅಕೇನಾ... ಏನದು?"

"ಅಂಥ ಒಗರು ಈ ಸೀಮೇಲೇ ಇಲ್ಲ ಮಾರಾಯ. ಬಿಡೋಕೆ ಮನಸ್ಸಾಗ್ಲಿಲ್ಲ. ವರದೀಲಿ ನಿನ್ನ ಹೆಸರೂ ಹಾಕ್ತೀನಿ, ಆಯ್ತಾ?"

"ಒಂದು ಹಿಡಿ ಉಳಿಸಿದ್ದೀಯಾ?"

ಅಕೇನಾ ಸಿಪ್ಪೆ ಗುಡ್ಡೆ ಮಾಡಿದ.

"ಒಂದು ಕಾಳು?"

"ಪೇಟೇಲಿ ಮೂಟೆಗಟ್ಟಲೆ ಜೋಳ ಸಿಗುತ್ತೆ. ಹೆಂಗಸಿನ ಥರ ಅಳ್ಬೇಡ."

"ನನ್ನ ಕೈಯಲ್ಲೇ ಮಾಡಿಸಿದೆಯಲ್ಲೋ," ಅಂದ ಲಬೇಜಾ. ನಾರನ್ನು ಜೇಬಿಗೆ ಹಾಕಿಕೊಂಡು ಹೊರಟ. ಹಿಂದೆ ಯಂತ್ರ ಕುಲುಕುತ್ತಲೇ ಇತ್ತು... ಸುಯ್... ಸುಯ್...

ಮರುದಿನ ಅಕೇನಾ ಬಣ್ಣದ ಪರೀಕ್ಷೆಗೆ ಕೂತ. ಔಷಧಿ ಬಿಟ್ಟಾಗ ಫೀನಾಲ್ ಇದ್ದರೆ ನೀರು ನೀಲಿಯಾಗುತ್ತದೆ. ಹೋಲಿಸಲು ಪಕ್ಕದಲ್ಲಿ ಕಾಳಿನ ರಸ ಹಾಕದ ಒಂದು ಖಾಲಿ ನಳಿಕೆ ಇಡುತ್ತಾರೆ. ಅದು ತಿಳಿಯಾಗಿಯೇ ಉಳಿಯಬೇಕು.

ಏಳನೇ ನಂಬರು ತಿಳಿಯಾಗಿ ಉಳಿಯಿತು. ಖಾಲಿ ನಳಿಕೆ ಕಡುನೀಲಿ.

ಅದಲುಬದಲಾಗಿದೆ ಅಂತ ಮತ್ತೆ ಮಾಡಿದ. ಗಾಜು ಬದಲಿಸಿದ. ನೀರು ಬದಲಿಸಿದ. ಹೊಸ ಔಷಧಿ ತರಿಸಿದ. ಅದೇ ಆಯಿತು.

ವರದಿ ನಿಂತುಹೋಯಿತು. ಅಕೇನಾ ಕಂಪಾಲಾಕ್ಕೆ, ಬೇರೆ ಲ್ಯಾಬಿಗೆ ಹೋದ. ಅಲ್ಲೂ ಅವನ ಕೈಯ ಖಾಲಿ ನಳಿಕೆ ನೀಲಿಯಾಗುತ್ತದಂತೆ.

ಮೊದಲ ಮಳೆ ಬಂತು. ಲಬೇಜಾ ಹೊಲಕ್ಕೆ ಹೋಗಲಿಲ್ಲ.

ನಂಬುವುದು ಬಿಡುವುದು ನಿಮಗೆ ಸೇರಿದ್ದು. ಆಗಿದ್ದಂತೂ ನಿಜ. ಮೊದಲ ದಿನದ ಆ ನೀಲಿ ನಳಿಕೆಯನ್ನು ಲಬೇಜಾ ಬಿರಡೆ ಹಾಕಿ ಮನೆಯಲ್ಲಿ ಇಟ್ಟಿದ್ದಾನೆ. ನಾನು ಬಿರಡೆ ತೆಗೆದು ಮೂಸಿದೆ.

ಔಷಧಿಯ ವಾಸನೆ ಇಲ್ಲ... ಒಲೆ ಹೊಗೆಯ ವಾಸನೆ.